ಗನ್ ಬಿಟ್ಟಾಗ ನೀರು ಎಲ್ಲಿಗೆ ಹೋಗಬೇಕು?

— ಟ್ರಿಗರ್ ಬಿಟ್ಟರೆ ಸಾಕು, ಕಾರು ತೊಳೆಯೋ ಪ್ರೆಷರ್ ಮೆಷಿನ್ನು ಟಕ್ ಟಕ್ ಅಂತ ಹೊಡೆದುಕೊಳ್ಳೋಕೆ ಶುರು ಮಾಡುತ್ತೆ. ಹೋಸ್ ನೆಲದ ಮೇಲೆ ಅದುರುತ್ತೆ. ಅಂಗಡಿಯಲ್ಲಿ ಕೇಳಿದ್ದಕ್ಕೆ ಅನ್‌ಲೋಡರ್ ವಾಲ್ವ್ ಹೋಗಿದೆ, ಹೊಸದು ಹಾಕಿಸಿ ಅಂದರು. ಹಾಕಿಸಿದೆ. ಸ್ವಲ್ಪ ದಿನ ಸರಿಯಾಗಿತ್ತು, ಈಗ ಮತ್ತೆ ಅದೇ ಪಾಡು.

— ಬಿಚ್ಚಿದ ಹಳೆಯದು ಎಲ್ಲಿದೆ?

— ಎಸೆದಿಲ್ಲ. ಸ್ಪೇರ್ ಡಬ್ಬದಲ್ಲಿದೆ.

— ಎಸೆಯದಿದ್ದದ್ದು ಒಳ್ಳೆಯದಾಯಿತು. ಅದು ಹಾಳಾಗಿರುವ ಸಂಭವ ಕಡಿಮೆ. ಟ್ರಿಗರ್ ಬಿಟ್ಟ ಮೇಲೆ ಅನ್‌ಲೋಡರ್ ಹೀಗೆ ಬಡಿದುಕೊಂಡರೆ ಹೆಚ್ಚಿನ ಸಲ ದೋಷ ಅದರಲ್ಲಿರುವುದಿಲ್ಲ. ಅದರ ಮುಂದೆ, ಹೋಸ್‌ನಲ್ಲೋ ಗನ್ನಿನಲ್ಲೋ, ಎಲ್ಲೋ ನೀರು ಸೋರುತ್ತಾ ಇರುತ್ತೆ.

— ಆದರೆ ಹೊಸದು ಹಾಕಿದಾಗ ನಿಂತಿತ್ತಲ್ಲ?

— ಹಾಕುವಾಗ ಹೋಸ್ ಕಪ್ಲಿಂಗ್ ಬಿಚ್ಚಿರ್ತೀರ. ಹೊಸ ಓ-ರಿಂಗ್ ಕೂರಿಸಿ, ಬಿಗಿಯಾಗಿ ತಿರುಗಿಸಿರ್ತೀರ. ಸೋರಿಕೆ ನಿಂತಿತು, ಬಡಿತ ನಿಂತಿತು. ಕಾರು ಹತ್ತಿಳಿಯೋ ಜಾಗದಲ್ಲಿ ಹೋಸ್ ಎಳೆದಾಡಿ ಆ ಓ-ರಿಂಗೂ ಸವೆಯಿತು. ಹೆಸರು ಮಾತ್ರ ಅನ್‌ಲೋಡರ್‌ಗೆ ಬಂತು. ಈ ಕಸುಬಿನಲ್ಲಿ ನನಗೆ ಅತ್ಯಂತ ನೋವಾಗೋದು ಇದೇ: ಚೆನ್ನಾಗಿರೋ ಭಾಗವನ್ನು ಬಿಚ್ಚಿ ಬಿಸಾಡೋದು, ಕೆಟ್ಟಿರೋದನ್ನು ಹಾಗೇ ಬಿಡೋದು.

— ಹಾಗಾದರೆ ಮೊದಲಿಂದ ಹೇಳಿ. ಈ ಅನ್‌ಲೋಡರ್ ಯಾಕೆ ಬೇಕು? ನಮ್ಮ ಮನೆಯ ಮೋನೋಬ್ಲಾಕ್ ಪಂಪಿಗೆ ಅಂಥದ್ದೇನೂ ಇಲ್ಲ. ಗೇಟ್ ವಾಲ್ವ್ ಮುಚ್ಚಿದರೂ ಅದು ಸುಮ್ಮನೆ ಓಡ್ತಾ ಇರುತ್ತೆ.

— ಅದು ಸೆಂಟ್ರಿಫ್ಯೂಗಲ್ ಪಂಪು. ಬಾಯಿ ಮುಚ್ಚಿದರೆ ಒಳಗಿನ ಇಂಪೆಲ್ಲರ್ ಅದೇ ನೀರನ್ನು ಕಲಕುತ್ತಾ ಇರುತ್ತೆ. ಒತ್ತಡ ಒಂದು ಮಿತಿಗೆ ಬಂದು ನಿಲ್ಲುತ್ತೆ. ನಿನ್ನ ಕಾರು ತೊಳೆಯೋ ಮೆಷಿನ್ನಿನದು ಪ್ಲಂಜರ್ ಪಂಪು. ಮೂರು ಪ್ಲಂಜರ್‌ಗಳು, ಒಂದೊಂದಕ್ಕೂ ಒಳಬರುವ ವಾಲ್ವ್ ಒಂದು, ಹೊರಹೋಗುವ ವಾಲ್ವ್ ಒಂದು. ಕ್ರ್ಯಾಂಕ್ ಒಂದು ಸುತ್ತು ಸುತ್ತಿದರೆ ಇಂತಿಷ್ಟು ನೀರು ಹೊರಗೆ ಬರಲೇಬೇಕು. ಮುಂದೆ ದಾರಿ ಇದೆಯೋ ಇಲ್ಲವೋ, ಅದಕ್ಕೆ ಸಂಬಂಧವಿಲ್ಲ. ನಿನ್ನದು ನಿಮಿಷಕ್ಕೆ ಎಷ್ಟು ಲೀಟರು?

— ಪ್ಲೇಟ್ ಮೇಲೆ 15 ಲೀಟರ್, 120 ಬಾರ್ ಅಂತಿದೆ. ಮೋಟಾರು 5 ಎಚ್‌ಪಿ.

— ಲೆಕ್ಕ ಸರಿಯಾಗಿದೆ. ಬಾರನ್ನು ಲೀಟರಿನಿಂದ ಗುಣಿಸಿ 600ರಿಂದ ಭಾಗಿಸಿದರೆ ಕಿಲೋವ್ಯಾಟ್ ಬರುತ್ತೆ. 120ನ್ನು 15ರಿಂದ ಗುಣಿಸಿದರೆ 1,800. ಅದನ್ನು 600ರಿಂದ ಭಾಗಿಸು, 3 ಕಿಲೋವ್ಯಾಟ್. ಪಂಪು, ಬೆಲ್ಟು ತಿನ್ನೋ ನಷ್ಟ ಸೇರಿಸಿದರೆ ಮೂರೂವರೆ. 5 ಎಚ್‌ಪಿ ಅಂದರೆ 3.7 ಕಿಲೋವ್ಯಾಟ್. ಮೋಟಾರಿಗೆ ಉಸಿರಾಡೋಕೆ ಸ್ವಲ್ಪವೇ ಜಾಗ ಇದೆ, ಅದನ್ನು ನೆನಪಿನಲ್ಲಿಟ್ಟುಕೋ. ಈಗ ಆ ನಿಮಿಷಕ್ಕೆ 15 ಲೀಟರು ನೀರು ಬರ್ತಾ ಇರುವಾಗಲೇ ನಿನ್ನ ಹುಡುಗ ಟ್ರಿಗರ್ ಬಿಡ್ತಾನೆ. ನೀರು ಎಲ್ಲಿಗೆ ಹೋಗಬೇಕು?

— ಹೋಗೋಕೆ ಜಾಗ ಇಲ್ಲ.

— ಜಾಗ ಇಲ್ಲದಿದ್ದರೆ ಮೂರರಲ್ಲಿ ಒಂದಾಗುತ್ತೆ. ಮೋಟಾರು ಟ್ರಿಪ್ ಆಗುತ್ತೆ, ಇಲ್ಲ ಹೋಸ್ ಒಡೆಯುತ್ತೆ, ಇಲ್ಲ ಪಂಪಿನ ಹೆಡ್ ಬಿರುಕು ಬಿಡುತ್ತೆ. ಹಾಗಾಗದಿರಲಿ ಅಂತ ಇನ್ನೊಂದು ದಾರಿ ತೆರೆಯೋದೇ ಅನ್‌ಲೋಡರ್ ಕೆಲಸ. ಗನ್ ತೆರೆದಿದ್ದಾಗ ನೀರನ್ನು ಗನ್ನಿಗೆ ಕಳಿಸುತ್ತೆ, ಮುಚ್ಚಿದಾಗ ಬೈಪಾಸ್ ಪೈಪಿನಲ್ಲಿ ಟ್ಯಾಂಕಿಗೋ ಪಂಪಿನ ಇನ್‌ಲೆಟ್ಟಿಗೋ ವಾಪಸ್ ಕಳಿಸುತ್ತೆ.

— ಮನೆಯಲ್ಲಿಟ್ಟುಕೊಳ್ಳೋ ಸಣ್ಣ ಮೆಷಿನ್ನುಗಳಲ್ಲಿ ಟ್ರಿಗರ್ ಬಿಟ್ಟರೆ ಮೋಟಾರೇ ನಿಂತುಬಿಡುತ್ತಲ್ಲ?

— ಅವುಗಳಲ್ಲಿ ಒತ್ತಡ ನೋಡಿ ಮೋಟಾರನ್ನು ನಿಲ್ಲಿಸುವ ಒಂದು ಸ್ವಿಚ್ ಇರುತ್ತೆ. ಮನೆಯಲ್ಲಿ ವಾರಕ್ಕೊಮ್ಮೆ ಕಾರು ತೊಳೆಯೋರಿಗೆ ಅದು ಸಾಕು. ಸರ್ವಿಸ್ ಸ್ಟೇಷನ್ನಿನಲ್ಲಿ ಒಂದು ಗಾಡಿ ತೊಳೆಯೋ ಹೊತ್ತಿಗೆ ಹುಡುಗ ಟ್ರಿಗರ್ ಎಷ್ಟೋ ಸಲ ಬಿಟ್ಟು ಹಿಡಿಯುತ್ತಾನೆ. ಪ್ರತಿ ಸಲವೂ 5 ಎಚ್‌ಪಿ ಮೋಟಾರು ನಿಂತು ಹೊರಟರೆ ಸ್ಟಾರ್ಟರ್ ಉಳಿಯಲ್ಲ, ವೈಂಡಿಂಗೂ ಉಳಿಯಲ್ಲ. ನಿನಗೆ ಓಡುತ್ತಲೇ ಇರೋ ಮೋಟಾರು, ಅದರ ಜೊತೆ ಒಳ್ಳೆಯ ಅನ್‌ಲೋಡರು, ಎರಡೂ ಬೇಕು.

— ಸರಿ, ರಿಲೀಫ್ ವಾಲ್ವ್ ಅಂತಲೂ ಒಂದು ಮಾರ್ತಾರೆ. ಬೆಲೆ ಕಡಿಮೆ. ಅದೂ ಜಾಸ್ತಿಯಾದ ಒತ್ತಡ ಹೊರಗೆ ಬಿಡುತ್ತೆ. ಅದನ್ನೇ ಹಾಕಿದರೆ ಆಗೋದಿಲ್ವಾ?

— ಇಲ್ಲಿ ಎಷ್ಟೋ ಜನ ಎಡವುತ್ತಾರೆ, ಗಮನವಿಟ್ಟು ಕೇಳು. ರಿಲೀಫ್ ವಾಲ್ವ್ ನೀರು ಬಿಡೋದು ಪೂರ್ತಿ ಒತ್ತಡದಲ್ಲಿ. ಗನ್ ಮುಚ್ಚಿದ್ದರೂ ಪಂಪು 120 ಬಾರ್ ವಿರುದ್ಧವೇ ದುಡೀತಾ ಇರುತ್ತೆ, ಮೋಟಾರಿಗೆ ಪೂರ್ತಿ ಹೊರೆ. ಆ ಶಕ್ತಿ ಎಲ್ಲಿಗೆ ಹೋಗುತ್ತೆ? ನೀರಿಗೆ ಶಾಖವಾಗಿ ಹೋಗುತ್ತೆ. 120 ಬಾರಿನಿಂದ ಸೊನ್ನೆಗೆ ಇಳಿಯೋ ನೀರು ಒಂದು ಸಲ ಹಾದಾಗ ಸುಮಾರು 3 ಡಿಗ್ರಿ ಬಿಸಿಯಾಗುತ್ತೆ. ಅದೇ ನೀರು ಪಂಪಿನ ಇನ್‌ಲೆಟ್ಟಿಗೇ ತಿರುಗಿ ಬಂದರೆ ಮತ್ತೆ 3, ಮತ್ತೆ 3. ನಿಮಿಷದೊಳಗೆ ಸೀಲುಗಳನ್ನು ಬೇಯಿಸಿಬಿಡುತ್ತೆ. ಅನ್‌ಲೋಡರ್ ಹಾಗಲ್ಲ. ಗನ್ ಮುಚ್ಚಿದ ಕೂಡಲೇ ಬೈಪಾಸಿನ ಬಾಯಿ ಪೂರ್ತಿ ತೆರೆದು, ಪಂಪಿನ ಮೇಲಿನ ಒತ್ತಡವನ್ನೇ ಕೆಲವೇ ಬಾರ್‌ಗೆ ಇಳಿಸಿಬಿಡುತ್ತೆ. ಮೋಟಾರು ಹಗುರಾಗಿ ತಿರುಗುತ್ತೆ. ಸದ್ದಿನಲ್ಲೇ ಗೊತ್ತಾಗುತ್ತೆ ನಿನಗೆ.

— ಅಂದರೆ ರಿಲೀಫ್ ವಾಲ್ವ್ ಬೇಡ?

— ಬೇಕು! ಅನ್‌ಲೋಡರ್ ಜೊತೆಗೆ ಅದೂ ಬೇಕು. ಅಡುಗೆಮನೆಯ ಕುಕ್ಕರಿಗೆ ವೆಯ್ಟ್ ಇರುತ್ತೆ, ಜೊತೆಗೆ ಮುಚ್ಚಳದಲ್ಲಿ ಸೇಫ್ಟಿ ವಾಲ್ವೂ ಇರುತ್ತಲ್ಲ, ಹಾಗೆ. ದಿನದ ಕೆಲಸ ಅನ್‌ಲೋಡರದು. ಅದು ಕಚ್ಚಿಕೊಂಡ ದಿನ ಜೀವ ಉಳಿಸೋದು ರಿಲೀಫ್ ವಾಲ್ವ್. ಕೆಲಸದ ಒತ್ತಡಕ್ಕಿಂತ ಸ್ವಲ್ಪ ಮೇಲೆ ತೆರೆಯುವಂತೆ ಅದನ್ನು ಪಂಪಿನ ಹೆಡ್ಡಿಗೆ ಹಾಕಿಸು, ಮತ್ತೆ ಅದಕ್ಕೆ ಕೈ ಹಚ್ಚಬೇಡ.

— ಆಯ್ತು. ಈಗ ಆ ಟಕ್ ಟಕ್ ವಿಷಯ. ಗನ್ನಿನಲ್ಲಿ ಸೋರಿದರೆ ಅನ್‌ಲೋಡರ್ ಯಾಕೆ ಬಡಿದುಕೊಳ್ಳಬೇಕು?

— ಅದಕ್ಕೆ ಒಳಗೆ ಏನಿದೆ ಅಂತ ತಿಳೀಬೇಕು. ನಿನ್ನ ಹತ್ತಿರ ಇರೋದು ಒತ್ತಡ ಹಿಡಿದಿಡೋ ಮಾದರಿ, ಟ್ರ್ಯಾಪ್ಡ್ ಪ್ರೆಷರ್ ಅಂತಾರೆ. ಅದರೊಳಗೆ ಒಂದು ಚೆಕ್ ವಾಲ್ವ್, ಒಂದು ಪಿಸ್ಟನ್, ಪಿಸ್ಟನ್ ಮೇಲೆ ಒಂದು ಸ್ಪ್ರಿಂಗು, ಸ್ಪ್ರಿಂಗನ್ನು ಅದುಮೋ ಒಂದು ನಾಬು. ಟ್ರಿಗರ್ ಬಿಟ್ಟಾಗ ಒತ್ತಡ ಥಟ್ಟನೆ ಏರುತ್ತೆ. ಚೆಕ್ ವಾಲ್ವ್ ಮುಚ್ಚಿಕೊಂಡು, ಅದರಿಂದ ಗನ್ನಿನವರೆಗಿನ ಹೋಸ್‌ನಲ್ಲಿ ಆ ಒತ್ತಡ ಸಿಕ್ಕಿಬೀಳುತ್ತೆ. ಹಾಗೆ ಸಿಕ್ಕಿಬಿದ್ದ ಒತ್ತಡವೇ ಪಿಸ್ಟನ್ನನ್ನು ಸ್ಪ್ರಿಂಗಿನ ವಿರುದ್ಧ ಎತ್ತಿ ಹಿಡಿದು ಬೈಪಾಸ್ ತೆರೆದಿಡುತ್ತೆ. ಟ್ರಿಗರ್ ಒತ್ತಿದಾಗ ಒತ್ತಡ ಬಿಡುಗಡೆಯಾಗುತ್ತೆ, ಸ್ಪ್ರಿಂಗ್ ಪಿಸ್ಟನ್ನನ್ನು ಕೆಳಗೆ ತಳ್ಳುತ್ತೆ, ಬೈಪಾಸ್ ಮುಚ್ಚುತ್ತೆ, ನೀರು ಗನ್ನಿಗೆ ಹೋಗುತ್ತೆ. ಈಗ ನೀನೇ ಹೇಳು, ಗನ್ ಮುಚ್ಚಿದ್ದಾಗ ಕಪ್ಲಿಂಗಿನಲ್ಲಿ ತೊಟ್ಟಿಕ್ಕಿದರೆ?

— ಹಿಡಿದಿಟ್ಟ ಒತ್ತಡ ಇಳಿಯುತ್ತೆ... ಅನ್‌ಲೋಡರ್ ಗನ್ ತೆರೆದಿದ್ದಾರೆ ಅಂದುಕೊಂಡು ಬೈಪಾಸ್ ಮುಚ್ಚುತ್ತೆ.

— ಮುಚ್ಚಿದ ಕ್ಷಣವೇ ಒತ್ತಡ ಮತ್ತೆ ಏರುತ್ತೆ, ಬೈಪಾಸ್ ಮತ್ತೆ ತೆರೆಯುತ್ತೆ. ಮತ್ತೆ ಸೋರುತ್ತೆ, ಮತ್ತೆ ಮುಚ್ಚುತ್ತೆ. ನೀನು ಕೇಳ್ತಿರೋ ಟಕ್ ಟಕ್ ಅದೇ. ಒಂದೊಂದು ಟಕ್ಕಿಗೂ ಪಂಪಿನ ಬೇರಿಂಗಿಗೆ, ಹೋಸಿಗೆ, ಗೇಜಿಗೆ ಒಂದೊಂದು ಏಟು. ಬಡಿತದ ಅಂತರ ನೋಡಿದರೇ ಸೋರಿಕೆ ಎಷ್ಟು ದೊಡ್ಡದು ಅಂತ ಹೇಳಬಹುದು. ನಿಮಿಷಕ್ಕೋ ಅರ್ಧ ನಿಮಿಷಕ್ಕೋ ಒಂದು ಬಡಿತ ಬಂದರೆ ಗನ್ನಿನ ತುದಿಯಲ್ಲಿ ಹನಿ ಬೀಳ್ತಿದೆ ಅಂತ ಅರ್ಥ. ಸೆಕೆಂಡಿಗೆ ಎರಡು ಮೂರು ಬಂದರೆ ಸೋರಿಕೆ ದೊಡ್ಡದು, ಇಲ್ಲವೇ ಒಳಗಿನ ಚೆಕ್ ವಾಲ್ವೇ ಹಿಡೀತಿಲ್ಲ. ಉದ್ದದ ಹೋಸ್ ಸ್ವಲ್ಪ ಹಿಗ್ಗಿ ಒತ್ತಡ ಕೂಡಿಟ್ಟುಕೊಳ್ಳೋದರಿಂದ ಬಡಿತ ನಿಧಾನ. ಸ್ಟೀಲ್ ಪೈಪಿನ ಲೈನಿನಲ್ಲಿ ಅದು ಬೇಗ ಬೇಗ ಬರುತ್ತೆ.

— ಹೊರಗಿನ ಸೋರಿಕೆಯೋ ಒಳಗಿನ ಚೆಕ್ ವಾಲ್ವೋ ಅಂತ ಕಂಡುಹಿಡಿಯೋದು ಹೇಗೆ?

— ಅನ್‌ಲೋಡರ್ ಬಾಯಿಗೂ ಹೋಸಿಗೂ ನಡುವೆ ಒಂದು ಹೈ ಪ್ರೆಷರ್ ಬಾಲ್ ವಾಲ್ವ್ ಹಾಕಿಸಿಡು. ನಲ್ಲಿ ಅಂಗಡಿಯ ಸಾಮಾನ್ಯ ಬಾಲ್ ವಾಲ್ವ್ ಅಲ್ಲ, ನಿನ್ನ ಪಂಪಿನ ಒತ್ತಡಕ್ಕಿಂತ ಸಾಕಷ್ಟು ಹೆಚ್ಚು ತಡೆಯೋದು. ಮೊದಲು ಟ್ರಿಗರ್ ಬಿಟ್ಟು ಮೆಷಿನ್ ಬೈಪಾಸಿಗೆ ಹೋಗಲಿ. ಆಮೇಲೆ ಬಾಲ್ ವಾಲ್ವ್ ಮುಚ್ಚು. ಬಡಿತ ನಿಂತರೆ ಸೋರಿಕೆ ಆಚೆ ಇದೆ: ಹೋಸ್, ಕಪ್ಲಿಂಗು, ಗನ್ನಿನ ಸೀಟು. ಬಡಿತ ನಿಲ್ಲದಿದ್ದರೆ ಈಚೆ ಇದೆ: ಚೆಕ್ ವಾಲ್ವಿನ ಓ-ರಿಂಗು, ಅದರ ಸೀಟಿನಲ್ಲಿ ಕೂತ ಮರಳಿನ ಕಣ, ಪಿಸ್ಟನ್ನಿನ ಸೀಲು. ಆಗ ಮಾತ್ರ ಅನ್‌ಲೋಡರ್ ಬಿಚ್ಚು. ಬಿಚ್ಚಿದಾಗಲೂ ಪೂರ್ತಿ ಹೊಸದು ಬೇಕಾಗಿಲ್ಲ, ಸೀಲ್ ಕಿಟ್ ಸಿಗುತ್ತೆ.

— ನಮ್ಮ ಬೋರಿನ ನೀರು ಬಹಳ ಗಡಸು. ಬಿಸಿನೀರಿನ ಹಂಡೆಯಲ್ಲಿ ಬಿಳಿ ಪದರ ಕಟ್ಟುತ್ತೆ.

— ಆ ಬಿಳಿ ಪದರ ಪಿಸ್ಟನ್ ಮೇಲೂ ಕಟ್ಟುತ್ತೆ. ಪಿಸ್ಟನ್ ಸಲೀಸಾಗಿ ಜಾರದೆ ತಡವಾಗಿ ಏಳುತ್ತೆ. ತಡವಾದಷ್ಟು ಹೊತ್ತೂ ಒತ್ತಡ ಏರ್ತಾನೇ ಇರುತ್ತೆ. ಬಿಚ್ಚಿ, ನಿಂಬೆ ಉಪ್ಪಿನ ನೀರಿನಲ್ಲಿ ಸ್ವಲ್ಪ ಹೊತ್ತು ನೆನೆಸಿ, ಚೆನ್ನಾಗಿ ತೊಳೆದು, ಸಿಲಿಕೋನ್ ಗ್ರೀಸ್ ಸವರಿ ಜೋಡಿಸು. ಕೈಗೆ ಸಿಕ್ಕಿದ ಬೇರಿಂಗ್ ಗ್ರೀಸ್ ಹಚ್ಚಬೇಡ. ಸೀಲು ಇಪಿಡಿಎಂ ರಬ್ಬರಿನದಾಗಿದ್ದರೆ ಪೆಟ್ರೋಲಿಯಂ ಗ್ರೀಸಿಗೆ ಉಬ್ಬಿಕೊಂಡು ಪಿಸ್ಟನ್ನನ್ನೇ ಹಿಡಿದುಬಿಡುತ್ತೆ. ಸೀಟಿನ ಮೇಲೆ ಉಗುರು ಆಡಿಸಿ ನೋಡು. ಗೀರು ಸಿಕ್ಕರೆ ಎಷ್ಟು ತೊಳೆದರೂ ಪ್ರಯೋಜನವಿಲ್ಲ, ಸೀಟು ಬದಲಿಸಲೇಬೇಕು.

— ಬೈಪಾಸ್ ಪೈಪನ್ನು ನಾನು ಸಿಂಟೆಕ್ಸ್ ಟ್ಯಾಂಕಿಗೆ ಬಿಟ್ಟಿದ್ದೇನೆ. ಪಕ್ಕದ ಊರಿನಲ್ಲಿ ಒಬ್ಬರು ಚರಂಡಿಗೇ ಬಿಟ್ಟಿದ್ದಾರೆ.

— ನಿಮಿಷಕ್ಕೆ 15 ಲೀಟರ್ ಒಳ್ಳೆಯ ನೀರು ಚರಂಡಿಗೆ! ಅದನ್ನು ಕೇಳಿದರೇ ಸಂಕಟವಾಗುತ್ತೆ. 2024ರ ಮಾರ್ಚಿನಲ್ಲಿ ಬೆಂಗಳೂರಲ್ಲಿ ನೀರಿಗೆ ಹಾಹಾಕಾರವೆದ್ದಾಗ ಜಲಮಂಡಳಿ ಕುಡಿಯೋ ನೀರಿನಲ್ಲಿ ವಾಹನ ತೊಳೆಯೋದನ್ನೇ ನಿಷೇಧಿಸಿ 5,000 ರೂಪಾಯಿ ದಂಡ ಇಟ್ಟಿತ್ತು. ನಮ್ಮ ಕಸುಬು ಉಳಿಯಬೇಕಾದರೆ ಹನಿ ಹನಿಗೂ ಲೆಕ್ಕ ಇರಬೇಕು. ಟ್ಯಾಂಕಿಗೆ ಬಿಟ್ಟದ್ದು ಸರಿಯಾದ ಕೆಲಸ. ನೀರು ಬಿಸಿಯಾಗೋಲ್ಲ, ಪೋಲಾಗೋಲ್ಲ. ಒಂದು ಮಾತು: ವಾಪಸ್ ಬರೋ ಪೈಪು ಸಕ್ಷನ್ ಪೈಪಿನಿಂದ ದೂರ ಇರಲಿ, ತುದಿ ನೀರಿನೊಳಗೆ ಮುಳುಗಿರಲಿ. ಮೇಲಿಂದ ಧುಮುಕಿದರೆ ಗುಳ್ಳೆ ಏಳುತ್ತೆ, ಆ ಗುಳ್ಳೆಯನ್ನು ಪಂಪು ಎಳೆದುಕೊಂಡರೆ ಗನ್ನಿನಲ್ಲಿ ಧಾರೆ ಕುಣಿಯುತ್ತೆ. ಬೈಪಾಸ್ ಪೈಪಿಗೆ ವಾಲ್ವ್ ಗೀಲ್ವ್ ಹಾಕಬೇಡ, ಮಡಚಿ ಕಟ್ಟಲೂಬೇಡ. ಆ ದಾರಿ ಯಾವತ್ತೂ ತೆರೆದಿರಬೇಕು.

— ಇನ್‌ಲೆಟ್ಟಿಗೇ ವಾಪಸ್ ಕೊಟ್ಟಿರೋ ಮೆಷಿನ್ನುಗಳು?

— ಅವುಗಳಲ್ಲಿ ಅದೇ ಸ್ವಲ್ಪ ನೀರು ಸುತ್ತುತ್ತಾ ಇರುತ್ತೆ. ಎರಡು ಮೂರು ನಿಮಿಷಕ್ಕಿಂತ ಹೆಚ್ಚು ಹೊತ್ತು ಗನ್ ಮುಚ್ಚಿಟ್ಟು ಓಡಿಸಬಾರದು. ಸುಮಾರು 60 ಡಿಗ್ರಿಗೆ ತೆರೆದುಕೊಂಡು ಬಿಸಿನೀರು ಹೊರಗೆ ಬಿಡೋ ಥರ್ಮಲ್ ವಾಲ್ವ್ ಇಂಥ ಪಂಪಿಗೆ ಹಾಕೋದು ಅದಕ್ಕೇ. ಅದರಿಂದ ನೀರು ಬಂದರೆ ಲೀಕ್ ಅಂತ ಪ್ಲಗ್ ಹಾಕೋರೂ ಇದ್ದಾರೆ, ಹಾಗೆ ಮಾತ್ರ ಮಾಡಬೇಡ.

— ಇನ್ನೊಂದು ತೊಂದರೆ. ಪ್ರೆಷರ್ ಮೊದಲಿನ ಹಾಗೆ ಬರ್ತಿಲ್ಲ. ಹುಡುಗರು ಅನ್‌ಲೋಡರ್ ನಾಬನ್ನು ಬಿಗಿ ಮಾಡ್ತಾ ಮಾಡ್ತಾ ಕೊನೆಯವರೆಗೂ ತಿರುಗಿಸಿಬಿಟ್ಟಿದ್ದಾರೆ.

— ಈಗಲೇ ಅದನ್ನು ಸಡಿಲ ಮಾಡಿಸು. ಪ್ರೆಷರ್ ಕೊಡೋದು ಅನ್‌ಲೋಡರ್ ಅಲ್ಲ, ನಾಜಲ್. ಪಂಪು ಲೀಟರು ಕೊಡುತ್ತೆ. ಆ ಲೀಟರನ್ನು ಎಷ್ಟು ಸಣ್ಣ ತೂತಿನಿಂದ ಹೊರಗೆ ಬಿಡ್ತೀಯ ಅನ್ನೋದರಿಂದ ಒತ್ತಡ ಹುಟ್ಟುತ್ತೆ. ಅನ್‌ಲೋಡರ್ ಆ ಒತ್ತಡಕ್ಕೆ ಒಂದು ಮೇಲ್ಮಿತಿ ಹಾಕುತ್ತೆ, ಅಷ್ಟೇ. ನಿನ್ನ ನಾಜಲ್ ನಂಬರ್ ಎಷ್ಟು?

— 06 ಅಂತ ಕೊಟ್ಟಿದ್ದರು.

— ನಾಜಲ್ ನಂಬರಿಗೆ ಒಂದು ಅರ್ಥ ಇದೆ. 4,000 ಪಿ.ಎಸ್.ಐ. ಒತ್ತಡದಲ್ಲಿ ನಿಮಿಷಕ್ಕೆ ಎಷ್ಟು ಅಮೆರಿಕನ್ ಗ್ಯಾಲನ್ ಹೊರಗೆ ಬಿಡುತ್ತೆ ಅನ್ನೋದೇ ಆ ನಂಬರು. ಆ ಲೆಕ್ಕದಲ್ಲಿ 15 ಲೀಟರು, 120 ಬಾರಿಗೆ ಸರಿಯಾಗಿ 06 ಬರುತ್ತೆ. ಸರಿಯಾದದ್ದೇ ಕೊಟ್ಟಿದ್ದಾರೆ. ಆದರೆ ಮರಳು, ಸುಣ್ಣ ಹರಿದು ಹರಿದು ತೂತು ಸವೆಯುತ್ತೆ. ವ್ಯಾಸ ಶೇಕಡಾ 8ರಷ್ಟು ದೊಡ್ಡದಾದರೆ ಸಾಕು, ನಿನ್ನ 06 ನಾಜಲ್ 07ರ ಹಾಗೆ ನಡೆದುಕೊಳ್ಳುತ್ತೆ. ಆಗ 120 ಬಾರ್ ಇದ್ದದ್ದು 88ಕ್ಕೆ ಇಳಿಯುತ್ತೆ. ಕಣ್ಣಿಗೆ ಏನೂ ಕಾಣಿಸೋದಿಲ್ಲ, ಧಾರೆ ಮಾತ್ರ ಸೊರಗುತ್ತೆ. ಹುಡುಗ ನಾಬು ತಿರುಗಿಸ್ತಾನೆ. ಒಂದು ಬಾರೂ ಏರಲ್ಲ, ಯಾಕಂದರೆ ಅನ್‌ಲೋಡರ್ ಆಗಲೇ ಪೂರ್ತಿ ಮುಚ್ಚಿಕೊಂಡಿದೆ, ಎಲ್ಲಾ ನೀರೂ ನಾಜಲಿಗೇ ಹೋಗ್ತಿದೆ. ಅವನು ತಿರುಗಿಸಿದ್ದೆಲ್ಲಾ ಸ್ಪ್ರಿಂಗಿನಲ್ಲಿ ಕೂತಿರುತ್ತೆ. ಟ್ರಿಗರ್ ಬಿಟ್ಟಾಗ ಆ ಸ್ಪ್ರಿಂಗನ್ನು ಗೆಲ್ಲೋಕೆ ಒತ್ತಡ 200 ಬಾರ್ ಮುಟ್ಟಬೇಕಾಗಬಹುದು. ಕೆಲಸಕ್ಕೆ ಸಿಗೋದು 88, ಹೋಸ್ ತಿನ್ನೋದು 200.

— ಒಂದು ಸಲ ಹೋಸ್ ಬಾಯಿಬಿಟ್ಟಿತ್ತು. ಕ್ರಿಂಪ್ ಮಾಡಿದ ಜಾಗದಲ್ಲಿ.

— ಅಲ್ಲೇ ಬಿಡೋದು. ಯಾರೂ ಮುಂದೆ ನಿಂತಿರಲಿಲ್ಲವಲ್ಲ, ಅದೇ ಪುಣ್ಯ.

— ಹೊಸ ನಾಜಲ್ ಹಾಕಿದರೂ ಪ್ರೆಷರ್ ಬರದಿದ್ದರೆ?

— ಬೈಪಾಸ್ ಪೈಪಿನ ತುದಿಯನ್ನು ಟ್ಯಾಂಕಿನಿಂದ ಎತ್ತಿ ನೋಡು. ಇಡೀ ರೋಗ ಪತ್ತೆಯಾಗೋದು ಅಲ್ಲೇ. ಟ್ರಿಗರ್ ಒತ್ತಿ ಹಿಡಿದಾಗ ಬೈಪಾಸಿನಲ್ಲಿ ಸಣ್ಣದಾಗಿ ನೀರು ಬರ್ತಿದ್ದರೆ ಸರಿ. ಜೋರಾಗಿ ಬರ್ತಿದ್ದರೆ ಅನ್‌ಲೋಡರ್ ಮುಚ್ಚಿಕೊಳ್ತಾ ಇಲ್ಲ: ಸೀಟಿನಲ್ಲಿ ಕಸ ಇದೆ, ಸ್ಪ್ರಿಂಗ್ ಮುರಿದಿದೆ, ಪಿಸ್ಟನ್ ಮೇಲೆದ್ದು ಕಚ್ಚಿಕೊಂಡಿದೆ, ಇಲ್ಲವೇ ನಾಜಲ್ ಕಟ್ಟಿದೆ ಅಥವಾ ಬಹಳ ಸಣ್ಣದು. ಏನೂ ಬರ್ತಿಲ್ಲ, ಆದರೂ ಪ್ರೆಷರ್ ಇಲ್ಲ ಅಂದರೆ ಅನ್‌ಲೋಡರನ್ನು ಮುಟ್ಟಲೇಬೇಡ. ನೀರೇ ಸಾಲ್ತಿಲ್ಲ. ಇನ್‌ಲೆಟ್ ಫಿಲ್ಟರ್ ಕಟ್ಟಿದೆಯಾ, ಸಕ್ಷನ್ನಿನಲ್ಲಿ ಗಾಳಿ ಎಳೀತಿದೆಯಾ, ಪಂಪಿನ ಆರು ವಾಲ್ವುಗಳಲ್ಲಿ ಒಂದರಡಿ ಕಸ ಕೂತಿದೆಯಾ, ಬೆಲ್ಟ್ ಜಾರ್ತಿದೆಯಾ, ಇದನ್ನೆಲ್ಲ ನೋಡು. ನಾಜಲ್ ಬಿಚ್ಚಿ, ಗನ್ನಿನ ಬಾಯಿಗೆ ಬಕೆಟ್ ಹಿಡಿದು ಒಂದು ನಿಮಿಷ ಅಳೆದರೆ 15 ಲೀಟರು ಬರ್ತಿದೆಯೋ ಇಲ್ಲವೋ ಗೊತ್ತಾಗುತ್ತೆ. ಅಷ್ಟಕ್ಕೆ ಯಾವ ಮೆಕ್ಯಾನಿಕ್ಕೂ ಬೇಡ.

— ಸಣ್ಣ ನಾಜಲ್ ಹಾಕಿದರೆ ಪ್ರೆಷರ್ ಜಾಸ್ತಿ ಬರುತ್ತೆ ಅಂತಾರಲ್ಲ?

— 04 ಹಾಕು, ನೋಡೋಣ. 15 ಲೀಟರು ಪೂರ್ತಿ ಅದರಲ್ಲಿ ಹೋಗಬೇಕಾದರೆ 270 ಬಾರ್ ಬೇಕು. ಅನ್‌ಲೋಡರ್ 120ಕ್ಕೇ ಬಿಟ್ಟುಬಿಡುತ್ತೆ. ನಾಜಲಿನಲ್ಲಿ ಹೋಗೋದು 10 ಲೀಟರು, ಮಿಕ್ಕ 5 ಲೀಟರು ಬೈಪಾಸಿನಲ್ಲಿ ವಾಪಸ್. ಕೊಳೆ ಕೊಚ್ಚಿಕೊಂಡು ಹೋಗೋ ನೀರೂ ಕಡಿಮೆಯಾಯಿತು, ಕರೆಂಟೂ ದಂಡವಾಯಿತು. ಹಾಗಂತ ಬೈಪಾಸಿನಲ್ಲಿ ಒಂದು ತೊಟ್ಟೂ ಬರಬಾರದು ಅಂತಲೂ ಅಲ್ಲ. ಕೆಲಸ ಮಾಡುವಾಗ ನೂರಕ್ಕೆ ಐದರಷ್ಟು ನೀರು ವಾಪಸ್ ಬರ್ತಾ ಇದ್ದರೆ ಪಿಸ್ಟನ್ ಸ್ವಲ್ಪ ಎದ್ದೇ ಇರುತ್ತೆ, ಟ್ರಿಗರ್ ಬಿಟ್ಟಾಗ ಒತ್ತಡ ಜಿಗಿಯೋದು ಕಡಿಮೆ.

— ಸೆಟ್ಟಿಂಗ್ ಮಾಡೋ ಕ್ರಮ ಹೇಳಿಬಿಡಿ.

— ಗೇಜ್ ಇಲ್ಲದೆ ಮಾಡಬಾರದು. ಪಂಪಿನ ಹೆಡ್ ಮೇಲೆ ಗ್ಲಿಸರಿನ್ ತುಂಬಿದ ಗೇಜ್ ಹಾಕು. ನಾಬು ಪೂರ್ತಿ ಸಡಿಲ ಮಾಡಿ, ಸರಿಯಾದ ಹೊಸ ನಾಜಲ್ ಹಾಕಿ, ಟ್ರಿಗರ್ ಒತ್ತಿಕೊಂಡೇ ನಾಬನ್ನು ಸ್ವಲ್ಪ ಸ್ವಲ್ಪ ಬಿಗಿ ಮಾಡ್ತಾ ಬಾ. ಮುಳ್ಳು ಏರ್ತಾ ಹೋಗುತ್ತೆ. ಒಂದು ಹಂತದಲ್ಲಿ ನೀನು ತಿರುಗಿಸಿದರೂ ಮುಳ್ಳು ಏರಲ್ಲ. ಅಲ್ಲಿಗೆ ನಾಜಲಿನ ಶಕ್ತಿ ಮುಗಿಯಿತು. ಅಲ್ಲಿಂದ ಸ್ವಲ್ಪ ಹಿಂದಕ್ಕೆ ಬಂದು ಲಾಕ್ ನಟ್ ಬಿಗಿ ಮಾಡು. ಆಮೇಲೆ ಟ್ರಿಗರ್ ಬಿಟ್ಟು ಮುಳ್ಳು ನೋಡು: 120ರಿಂದ 135, 140ಕ್ಕೆ ಜಿಗಿದು ತಕ್ಷಣ ಕೆಳಗೆ ಬೀಳಬೇಕು. 160 ದಾಟಿದರೆ ಇನ್ನೂ ಬಿಗಿ ಇದೆ ಅಥವಾ ಪಿಸ್ಟನ್ ಬಿಗಿಯಾಗಿದೆ. ಲಾಕ್ ನಟ್ ಮೇಲೆ ಬಣ್ಣದ ಗುರುತು ಹಾಕಿಬಿಡು. ಯಾರಾದರೂ ಮುಟ್ಟಿದರೆ ಮಾರನೇ ದಿನವೇ ಗೊತ್ತಾಗುತ್ತೆ.

— ನಮ್ಮ ತೀರ್ಥಹಳ್ಳಿ ಕಡೆ ತೋಟದ ಮನೆಯಲ್ಲಿ ಔಷಧಿ ಹೊಡೆಯೋ ಎಚ್‌ಟಿಪಿ ಪಂಪ್ ಇದೆ. ಅದರಲ್ಲೂ ಹೀಗೇ ಒಂದು ನಾಬು, ಡ್ರಮ್ಮಿಗೆ ವಾಪಸ್ ಹೋಗೋ ಪೈಪು ಇದೆ. ಅದೂ ಅನ್‌ಲೋಡರಾ?

— ಅದು ರೆಗ್ಯುಲೇಟರ್. ಬೇರೆ ಜಾತಿ, ಆದರೆ ಹತ್ತಿರದ ಬಂಧು. ಅಲ್ಲಿ ಒತ್ತಡ ಕಡಿಮೆ, 20ರಿಂದ 40 ಬಾರಿನ ಆಸುಪಾಸು. ಮೇಲಾಗಿ ವಾಪಸ್ ಹೋಗೋ ನೀರಿಗೆ ಒಂದು ಕೆಲಸವೂ ಇದೆ. ಮೈಲುತುತ್ತಕ್ಕೆ ಸುಣ್ಣ ಸೇರಿಸಿ ಮಾಡಿದ ಬೋರ್ಡೋ ದ್ರಾವಣ ಸುಮ್ಮನಿದ್ದರೆ ತಳ ಹಿಡಿಯುತ್ತೆ. ವಾಪಸ್ ಬರೋ ಧಾರೆ ಅದನ್ನು ಕಲಕುತ್ತಾ ಇರುತ್ತೆ. ಕಳೆದ ಶತಮಾನದ ಮೊದಲಲ್ಲಿ ಮೈಸೂರು ಸಂಸ್ಥಾನದ ಕೃಷಿ ಇಲಾಖೆಯಲ್ಲಿದ್ದ ಲೆಸ್ಲಿ ಕೋಲ್ಮನ್ ಅಡಿಕೆಯ ಕೊಳೆರೋಗಕ್ಕೆ ಈ ದ್ರಾವಣದ ದಾರಿ ತೋರಿಸಿದರು. ಇವತ್ತಿಗೂ ಮಳೆಗಾಲದಲ್ಲಿ ಮಲೆನಾಡಿನ ತೋಟಗಳಲ್ಲಿ ಅದೇ ಆಧಾರ. ನಿಮ್ಮ ಮನೆಯ ಪಂಪು ಪ್ರತಿ ವರ್ಷ ಕೈಕೊಡೋದು ಯಾವಾಗ?

— ಮೊದಲ ಔಷಧಿ ಹೊಡೆಯೋ ದಿನವೇ. ಪ್ರೆಷರ್ ಏರೋದೇ ಇಲ್ಲ.

— ಹಿಂದಿನ ವರ್ಷದ ಸುಣ್ಣ ರೆಗ್ಯುಲೇಟರಿನ ಸೀಟಿನಲ್ಲಿ ಗಟ್ಟಿಯಾಗಿ ಕೂತಿರುತ್ತೆ. ಸ್ಪ್ರಿಂಗ್ ಒತ್ತಿದರೂ ಬಾಯಿ ಮುಚ್ಚಲ್ಲ, ಎಲ್ಲಾ ದ್ರಾವಣ ಡ್ರಮ್ಮಿಗೇ ವಾಪಸ್. ಔಷಧಿ ಮುಗಿದ ದಿನವೇ ಒಳ್ಳೆಯ ನೀರು ಓಡಿಸಿ ತೊಳೆದು, ನಾಬು ಸಡಿಲ ಮಾಡಿ ಸ್ಪ್ರಿಂಗಿಗೆ ವಿಶ್ರಾಂತಿ ಕೊಟ್ಟು ಎತ್ತಿಡಬೇಕು. ಅಪ್ಪನಿಗೆ ಹೇಳು.

— ಹೇಳ್ತೀನಿ. ಈಗ ಕೊಳ್ಳೋ ವಿಷಯ. ಮುಂದೆ ಇನ್ನೊಂದು ಗನ್ ಹಾಕಬೇಕು ಅಂತಿದ್ದೇನೆ, ಕಾರಿಗೊಂದು ಬೈಕಿಗೊಂದು. ಒಂದೇ ಪಂಪಿನಲ್ಲಿ. ಫ್ಲೋ ಮಾದರಿಯ ಅನ್‌ಲೋಡರ್ ಒಳ್ಳೆಯದು ಅಂತ ಒಬ್ಬರು ಹೇಳಿದರು.

— ಒಂದು ಗನ್ನಿಗೆ ನಾನೂ ಅದನ್ನೇ ಹೇಳ್ತಿದ್ದೆ. ಅದು ಒತ್ತಡ ನೋಡಲ್ಲ, ಹರಿವು ನೋಡುತ್ತೆ. ಹರಿವು ನಿಂತಿತು ಅಂದರೆ ಬೈಪಾಸ್ ತೆರೆಯುತ್ತೆ. ಗನ್ ಮುಚ್ಚಿದ್ದಾಗ ಹೋಸ್‌ನಲ್ಲಿ ಪೂರ್ತಿ ಒತ್ತಡ ನಿಂತಿರೋದಿಲ್ಲ, ಟ್ರಿಗರ್ ಹಗುರ, ಸಣ್ಣ ಸೋರಿಕೆಗೆ ಬಡಿದುಕೊಳ್ಳಲ್ಲ. ದಿನವಿಡೀ ಟ್ರಿಗರ್ ಹಿಡಿಯೋ ಹುಡುಗನ ಬೆರಳಿಗೆ ಅದು ದೊಡ್ಡ ಉಪಕಾರ. ಆದರೆ ಅದಕ್ಕೆ ಒಂದು ಕನಿಷ್ಠ ಹರಿವು ಬೇಕೇ ಬೇಕು. ಅದಕ್ಕಿಂತ ಕಡಿಮೆಯಾದರೆ ಗನ್ ತೆರೆದಿದ್ದರೂ ಮುಚ್ಚಿದೆ ಅಂದುಕೊಂಡು ಬೈಪಾಸಿನಲ್ಲೇ ಕೂತುಬಿಡುತ್ತೆ. ನಿನ್ನ ಎರಡು ಗನ್ನುಗಳಿಗೆ 15 ಲೀಟರು ಹಂಚಿಹೋಗಿ, ಒಂದು ಮುಚ್ಚಿದಾಗ ಏಳೂವರೆ ಲೀಟರು ಉಳಿಯುತ್ತೆ. ಅಲ್ಲಿ ಈ ಮಾದರಿ ತಬ್ಬಿಬ್ಬಾಗುತ್ತೆ. ಎರಡು ಗನ್ನಿಗೆ ಒತ್ತಡ ಕಾಪಾಡೋ ರೆಗ್ಯುಲೇಟಿಂಗ್ ಅನ್‌ಲೋಡರ್ ಕೇಳಿ ತಗೋ. ಒಂದು ಗನ್ ಮುಚ್ಚಿದರೆ ಅದರ ಪಾಲಿನ ನೀರನ್ನಷ್ಟೇ ಬೈಪಾಸಿಗೆ ಬಿಟ್ಟು, ಇನ್ನೊಂದಕ್ಕೆ ಅದೇ ಒತ್ತಡ ಉಳಿಸುತ್ತೆ. ನಾಜಲ್‌ಗಳನ್ನೂ ಬದಲಿಸಬೇಕು. ಎರಡರ ನಂಬರೂ ಕೂಡಿ 06 ಆಗಬೇಕು, ಅಂದರೆ ತಲಾ 03.

— ಒಂದೊಂದರಲ್ಲಿ ಏಳೂವರೆ ಲೀಟರು ಅಂದರೆ ಕಾರಿನ ಅಡಿಯ ಕೆಸರು ಹೋಗುತ್ತಾ?

— ನಮ್ಮ ಮಳೆಗಾಲದ ಕೆಂಪು ಕೆಸರು? ಕಷ್ಟ. ನಿನ್ನ ಜಾಗದಲ್ಲಿ ನಾನಿದ್ದರೆ ಎರಡನೇ ಗನ್ ಹಾಕೋ ಮುಂಚೆ ಎರಡನೇ ಪಂಪ್ ಹಾಕ್ತಿದ್ದೆ. ಕೆಸರು ಬಿಡಿಸೋಕೆ ಒತ್ತಡ ಬೇಕು, ಬಿಟ್ಟದ್ದನ್ನು ಸಾಗಿಸೋಕೆ ಲೀಟರು ಬೇಕು.

— ಅಂಗಡಿಯಲ್ಲಿ ಅನ್‌ಲೋಡರ್ ಕೊಡುವಾಗ ಥ್ರೆಡ್ ಸೈಜ್ ಮಾತ್ರ ಕೇಳ್ತಾರೆ, ಅರ್ಧ ಇಂಚಾ ಮುಕ್ಕಾಲು ಇಂಚಾ ಅಂತ.

— ಥ್ರೆಡ್ ಕೂಡಿತು ಅಂದ ಮಾತ್ರಕ್ಕೆ ಸಂಬಂಧ ಕೂಡಲಿಲ್ಲ. ಮೊದಲು ಲೀಟರ್ ನೋಡು. ಪಂಪು ಕೊಡೋ ಲೀಟರಿಗಿಂತ ಕಡಿಮೆ ಸಾಮರ್ಥ್ಯದ್ದು ತಂದರೆ ಬೈಪಾಸಿನ ದಾರಿ ಕಿರಿದಾಗಿ ಗನ್ ಮುಚ್ಚಿದಾಗಲೂ ಪಂಪಿನ ಮೇಲೆ ಒತ್ತಡ ಉಳಿಯುತ್ತೆ. 15 ಲೀಟರಿನ ಪಂಪಿಗೆ 80 ಲೀಟರಿನದು ತಂದರೆ ಅದು ಹಿಡಿತಕ್ಕೆ ಬರೋದಿಲ್ಲ, ಸಣ್ಣ ಹರಿವಿಗೆ ತಡವರಿಸುತ್ತೆ. ಆಮೇಲೆ ಒತ್ತಡ. 120 ಬಾರಿನ ಕೆಲಸಕ್ಕೆ 150, 170 ಬಾರ್ ವರೆಗೆ ಹೊಂದಿಸಬಹುದಾದದ್ದು ತಗೋ. 280 ಬಾರಿನದು ಗಟ್ಟಿ ಇರುತ್ತೆ ಅಂತ ತರಬೇಡ. ಅದರ ಸ್ಪ್ರಿಂಗ್ ಬಿರುಸು, ನಿನಗೆ ಬೇಕಾದ ಕಡೆ ನಾಜೂಕಾಗಿ ಹೊಂದಿಸೋಕೆ ಆಗಲ್ಲ. ಮೈ ಹಿತ್ತಾಳೆಯದಾದರೆ ತಣ್ಣೀರಿಗೆ ಸಾಕು. ಒಳಗಿನ ಸೀಟು, ಗುಂಡು ಸ್ಟೇನ್‌ಲೆಸ್ ಸ್ಟೀಲ್ ಆಗಿರಲೇಬೇಕು. ಬಿಸಿನೀರಿನ ಮೆಷಿನ್ ಆದರೆ ಸೀಲುಗಳೂ ಬಿಸಿ ತಡೆಯೋವು ಬೇಕು, ಮಾಮೂಲಿ ನೈಟ್ರೈಲ್ ರಬ್ಬರ್ ಬೇಗ ಗಟ್ಟಿಯಾಗುತ್ತೆ. ಕಿಟ್ ಸಿಗದ ಕಂಪನಿಯದು ಎಷ್ಟೇ ಅಗ್ಗವಾದರೂ ಬೇಡ.

— ಇವತ್ತೇ ಕಪ್ಲಿಂಗ್ ಬಿಚ್ಚಿ ಓ-ರಿಂಗ್ ನೋಡ್ತೀನಿ.

— ಬಿಚ್ಚೋ ಮುಂಚೆ ಒಂದು ಮಾತು, ಇದನ್ನು ನಿನ್ನ ಹುಡುಗರನ್ನು ಕೂರಿಸಿಕೊಂಡು ಹೇಳು. ನಿನ್ನದು ಒತ್ತಡ ಹಿಡಿದಿಡೋ ಮಾದರಿ. ಮೋಟಾರು ಆಫ್ ಮಾಡಿದ ಮೇಲೂ ಆ ಹೋಸ್‌ನಲ್ಲಿ 120 ಬಾರ್ ಹಾಗೇ ಕೂತಿರುತ್ತೆ. ಸ್ವಿಚ್ ಆಫ್ ಆಯಿತು, ಇನ್ನೇನು ಭಯ ಅಂತ ಸ್ಪ್ಯಾನರ್ ಹಾಕಿದರೆ ಕಪ್ಲಿಂಗ್ ಮುಖಕ್ಕೆ ಹಾರುತ್ತೆ. ಎಲ್ಲಿ ಸೋರ್ತಿದೆ ಅಂತ ಬೆರಳಿಟ್ಟು ಹುಡುಕಬಾರದು, ರಟ್ಟಿನ ತುಂಡು ಹಿಡಿದು ನೋಡಬೇಕು. ಸೂಜಿಮೊನೆಯಷ್ಟು ಧಾರೆ ಚರ್ಮ ತೂರಿ ಒಳಗೆ ಹೋಗುತ್ತೆ. ಹೊರಗೆ ಚುಚ್ಚಿದ ಗುರುತಷ್ಟೇ ಕಾಣಿಸಿದರೂ ಒಳಗೆ ಮಾಂಸ ಕೆಡ್ತಾ ಹೋಗುತ್ತೆ, ತಡ ಮಾಡಿದರೆ ಬೆರಳೇ ಹೋಗಬಹುದು. ಹಾಗೇನಾದರೂ ಆದರೆ ಅರಿಶಿನ ಮೆತ್ತಿ ಕೂರಬೇಡಿ, ಆ ಗಂಟೆಯೇ ದೊಡ್ಡ ಆಸ್ಪತ್ರೆಗೆ ಹೋಗಿ, ಹೈ ಪ್ರೆಷರ್ ನೀರು ಹೊಕ್ಕಿದೆ ಅಂತ ಡಾಕ್ಟರಿಗೆ ಬಾಯಿಬಿಟ್ಟು ಹೇಳಿ. ಈಗ ಹೋಗು. ಮೋಟಾರು ಆಫ್ ಮಾಡು, ಗನ್ನನ್ನು ಖಾಲಿ ಜಾಗದ ಕಡೆ ತಿರುಗಿಸಿ ಟ್ರಿಗರ್ ಒತ್ತು, ಹೋಸ್ ಮೆತ್ತಗಾಗೋವರೆಗೂ ಒತ್ತಿ ಹಿಡಿ. ಆಮೇಲೆ ಸ್ಪ್ಯಾನರ್ ತಗೋ.